ಸ್ವಾಗತ ಮೇಷ್ಟ್ರ ಅರ್ಧ ಸ್ವಾಗತ

ಸ್ವಾಗತ ಮೇಷ್ಟ್ರು ಕಾಲೇಜಿಗೆ ಸೇರಿದ್ದು ರಸಾಯನಶಾಸ್ತ್ರ ಕಲಿಸುವುದಕ್ಕೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಊರಿನ ಅರ್ಧ ಜನಕ್ಕೆ ಅದು ಗೊತ್ತಿಲ್ಲ, ಉಳಿದರ್ಧ ಜನ ಹೇಳಿದರೂ ನಂಬುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರೋ ದೊಡ್ಡ ಮನುಷ್ಯರು ಕಾಲೇಜಿಗೆ ಬಂದಿದ್ದರು. ಸ್ವಾಗತ ಕೋರಬೇಕಿದ್ದ ಚರಿತ್ರೆಯ ಮೇಷ್ಟ್ರಿಗೆ ಅವತ್ತೇ ಗಂಟಲು ಕಟ್ಟಿತ್ತು. "ನಿಮ್ಮ ಗಂಟಲು ಚೆನ್ನಾಗಿದೆಯಲ್ಲ, ನಾಲ್ಕು ಮಾತಾಡಿ ಬನ್ನಿ" ಎಂದು ಪ್ರಿನ್ಸಿಪಾಲರು ಇವರನ್ನು ಮೈಕಿನ ಮುಂದೆ ದಬ್ಬಿದರು. ಇವರು ನಾಲ್ಕು ಮಾತಿಗೆ ನಿಲ್ಲಿಸಲಿಲ್ಲ. ತಮ್ಮಲ್ಲಿ ಇಷ್ಟೆಲ್ಲ ಒಳ್ಳೆಯ ಗುಣಗಳಿವೆ ಎಂದು ಆ ದೊಡ್ಡ ಮನುಷ್ಯರಿಗೆ ತಿಳಿದದ್ದೇ ಅವತ್ತು. ವೇದಿಕೆಯ ಮೇಲೇ ಕಣ್ಣೊರೆಸಿಕೊಂಡರು. ಅಲ್ಲಿಗೆ ಮೇಷ್ಟ್ರ ಹಣೆಬರಹ ತೀರ್ಮಾನವಾಯಿತು.

ಆಮೇಲೆ ಕಾಲೇಜಿಗೆ ಯಾರೇ ಕಾಲಿಡಲಿ, ತಪಾಸಣೆಯವರು, ವಿಜ್ಞಾನಿಗಳು, ಕಟ್ಟಡದ ಕಂಟ್ರಾಕ್ಟರು, ಸ್ವಾಗತ ಇವರದೇ. ಮಗಳ ಅಂಕಪಟ್ಟಿ ಕೇಳಲು ಬಂದ ಪೋಸ್ಟ್‌ಮ್ಯಾನ್ ಒಬ್ಬ ದಾರಿ ತಪ್ಪಿ ಸಭಾಂಗಣದೊಳಗೆ ನುಗ್ಗಿದಾಗ ಅವನಿಗೂ ಒಂದು ಸ್ವಾಗತ ಬಿದ್ದಿತ್ತು. ಪಾಪ, ಅವನು ಇವತ್ತಿಗೂ ಮೇಷ್ಟ್ರ ಕಾಗದಗಳನ್ನು ಬಾಗಿಲ ಸಂದಿಗೆ ತುರುಕದೆ ಕೈಗೇ ಕೊಡುತ್ತಾನೆ. ಪಾಠದ ನಡುವೆ ಅಟೆಂಡರು ಬಾಗಿಲಲ್ಲಿ ಇಣುಕಿದರೆ ಸಾಕು, ಹುಡುಗರು ಪುಸ್ತಕ ಮುಚ್ಚುತ್ತಿದ್ದರು. ಮೇಷ್ಟ್ರಿಗೂ ಅದು ರುಚಿ ಹತ್ತಿತ್ತು, ಸುಳ್ಳೇಕೆ ಹೇಳಬೇಕು? ಪಾಠ ಮಾಡಿದರೆ ಚಪ್ಪಾಳೆ ಬರುತ್ತದೆಯೇ?

ಅವರ ಹೆಂಡತಿ ಆಸ್ಪತ್ರೆಯಲ್ಲಿ ಹಿರಿಯ ನರ್ಸು, ಊರಿಗೆಲ್ಲ ನರ್ಸಮ್ಮ. ಗಂಡನ ಬಾಯಿಗೆ ಇಂಜೆಕ್ಷನ್ ಇದ್ದಿದ್ದರೆ ಎಂದೋ ಚುಚ್ಚಿಬಿಡುತ್ತಿದ್ದೆ ಎನ್ನುವವಳು. ತಟ್ಟೆಯ ಮುಂದೆ ಕೂತು ಮೇಷ್ಟ್ರು "ಆಹಾ, ಏನು ಪರಿಮಳ, ಇಂಥ ಅಡುಗೆ..." ಎಂದು ಶುರು ಮಾಡಿದರೆ, "ಊಟಕ್ಕೆ ಸ್ವಾಗತ ಕೋರ್ಬೇಡಿ ರೀ, ಆರೋಗುತ್ತೆ, ತಿನ್ನಿ" ಎನ್ನುತ್ತಿದ್ದಳು.

ಹೀಗಿರುವಾಗ ಒಂದು ಸರ್ಕಾರಿ ಯೋಜನೆ ಬಂತು. ಹೊರದೇಶಗಳಿಗೆ ಹೋಗಿ ದೊಡ್ಡ ವಿದ್ವಾಂಸರಾದ ನಮ್ಮವರನ್ನು ಕರೆಸಿ, ಕೆಲವು ವಾರ ಇಲ್ಲಿಯ ಎಂ.ಎಸ್ಸಿ. ಮಕ್ಕಳಿಗೆ ಪಾಠ ಹೇಳಿಸುವುದು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅದೇ ಗಿಡ ಸಮುದ್ರ ದಾಟಿ ಹೋಗಿ ವಾಪಸು ಬಂದರೆ ಮಾತ್ರ ಮದ್ದಾಗುತ್ತದೆ ಎನ್ನುವುದು ಈ ಯೋಜನೆಯ ತಿರುಳು. ಅವರು ಕಲಿಸುವುದಕ್ಕೆಂದು ರಸಾಯನ ವಿಭಾಗಕ್ಕೆ ಒಂದು ಯಂತ್ರವೂ ಬಂತು. ಬಣ್ಣದ ದ್ರಾವಣದೊಳಗೆ ಬೆಳಕು ಹಾಯಿಸಿ, ಅದರಲ್ಲಿ ಯಾವ ವಸ್ತು ಎಷ್ಟಿದೆ ಎಂದು ಹೇಳುವ ಯಂತ್ರ.

ಮೊದಲು ಬಂದ ವಿದ್ವಾಂಸರನ್ನು ಕಾಲೇಜು ಸ್ವಾಗತಿಸಿತು. ಮಾರನೆಯ ದಿನ ಹಳೆಯ ವಿದ್ಯಾರ್ಥಿಗಳ ಸಂಘ ಸ್ವಾಗತಿಸಿತು. ಆಮೇಲೆ ಅವರು ಓದಿದ ಹೈಸ್ಕೂಲು, ಅವರಪ್ಪ ಲೆಕ್ಕವಿಟ್ಟಿದ್ದ ಬ್ಯಾಂಕು, ಅವರಣ್ಣ ಈಜಾಡುತ್ತಿದ್ದ ಕೊಳದ ಗೆಳೆಯರ ಬಳಗ. ಎಲ್ಲ ಕಡೆಯೂ ಮೈಕು ನಮ್ಮ ಮೇಷ್ಟ್ರದೇ. ಕೊನೆಗೆ ಪಾಠಕ್ಕೆ ಒಂದು ಗಂಟೆ ಸಿಕ್ಕಿತು. ಅದರಲ್ಲಿ ಮುಕ್ಕಾಲು ಪಾಲು ಮೇಷ್ಟ್ರು ಅವರನ್ನು ಪರಿಚಯಿಸಿದರು. ಪೆಟ್ಟಿಗೆ ತುಂಬ ನೆನಪಿನ ಕಾಣಿಕೆ ಹೊತ್ತು ಹೋದ ಆ ಪುಣ್ಯಾತ್ಮರು ಆಮೇಲೆ ಪತ್ರಕ್ಕೂ ಉತ್ತರ ಬರೆಯಲಿಲ್ಲ. ಎರಡನೆಯವರು ಯಂತ್ರವನ್ನು ಉದ್ಘಾಟಿಸಿದರು. ಟೇಪು ಕತ್ತರಿಸಿದ್ದಾಯಿತು, ಫೋಟೋ ತೆಗೆದದ್ದಾಯಿತು, ಯಂತ್ರದ ಮೇಲೆ ಮತ್ತೆ ಮುಸುಕು ಹಾಕಿದ್ದೂ ಆಯಿತು. ಅಷ್ಟು ಬೆಲೆಯ ಯಂತ್ರ. ಯಾರಾದರೂ ಉಪಯೋಗಿಸಿ ಕೆಡಿಸಿದರೆ? ಅವರಂತೂ ಸಭೆಗಳಲ್ಲಿ ಉತ್ತರ ಕೊಟ್ಟು ಕೊಟ್ಟು ಗಂಟಲು ಹರಿದುಕೊಂಡು, ಕೈಸನ್ನೆಯಲ್ಲೇ ವಿದಾಯ ಹೇಳಿ ವಿಮಾನ ಹತ್ತಿದರು.

ಅತಿಯಾದರೆ ಅಮೃತವೂ ವಿಷ. ಯೋಜನೆಯ ಅಧಿಕಾರಿ ಕಾಲೇಜಿಗೆ ಬಂದರು. ಒಣಕಲು ಮನುಷ್ಯ, ಸಭೆ ಸಮಾರಂಭ ಅಂದರೆ ಮೈಯೆಲ್ಲ ಉರಿ. ಸ್ವಾಗತಕ್ಕೆಂದು ಎದ್ದ ಮೇಷ್ಟ್ರನ್ನು ಕಣ್ಣಲ್ಲೇ ಕೂರಿಸಿ ಹೇಳಿದರು: "ಇನ್ನೊಬ್ಬರನ್ನ ಕಳಿಸ್ತೀನಿ, ಕೊನೇ ಸಲ. ಅವರು ಪ್ರಯೋಗಗಳನ್ನೆಲ್ಲ ಕಲಿಸ್ಬೇಕು. ಹೊರಡೋ ದಿನ ನಾನೇ ಬಂದು ಕೇಳ್ತೀನಿ. ಮುಂದಿನ ವರ್ಷವೂ ಬರ್ತೀನಿ ಅಂತ ಅವರ ಬಾಯಲ್ಲೇ ಬರ್ಬೇಕು. ಬಂದ್ರೆ ನಿಮ್ಮ ಎಂ.ಎಸ್ಸಿ. ಉಳೀತು. ಇಲ್ಲಾಂದ್ರೆ ಬೀಗ."

ಈಗಿನ ಪ್ರಿನ್ಸಿಪಾಲರು ಅರ್ಥಶಾಸ್ತ್ರದವರು, ನಷ್ಟದಲ್ಲೂ ಲಾಭ ಹುಡುಕುವವರು. "ನೀವ್ಯಾಕೆ ಮುಖ ಸಣ್ಣ ಮಾಡ್ತೀರಿ ಮೇಷ್ಟ್ರೇ? ಎಂ.ಎಸ್ಸಿ. ಹೋದ್ರೆ ನಿಮ್ಮನ್ನ ಪೂರ್ತಿ ಸಂಪರ್ಕಾಧಿಕಾರಿ ಮಾಡ್ಬಿಡ್ತೀನಿ. ಪ್ರತ್ಯೇಕ ಕೋಣೆ, ತಿರುಗೋ ಕುರ್ಚಿ. ದಿನಾ ಸ್ವಾಗತ!"

ಮೇಷ್ಟ್ರಿಗೆ ಗಾಯದ ಮೇಲೆ ಬರೆ ಎಳೆದಂತಾಯಿತು. ಹುಡುಗನಾಗಿದ್ದಾಗ ಒಂದು ದಿನ ಅವರ ಮೇಷ್ಟ್ರು ನೀರಿನಂಥ ಎರಡು ದ್ರಾವಣ ಬೆರೆಸಿ ಕೆಂಪು ಬಣ್ಣ ತರಿಸಿದ್ದರು. ಅದನ್ನು ನೋಡಿಯೇ ಇವರು ಈ ವಿಷಯ ಹಿಡಿದದ್ದು. ಆ ಸಂತೋಷವನ್ನು ತಾನು ಎಷ್ಟು ಮಕ್ಕಳಿಗೆ ತೋರಿಸಿದ್ದೇನೆ ಎಂದು ಈಗ ಬೆರಳೆಣಿಸಿದರೆ ಒಂದು ಕೈಯೂ ತುಂಬಲಿಲ್ಲ. ಕಾಲೇಜಿನಿಂದ ರಸಾಯನಶಾಸ್ತ್ರ ಹೋದರೆ ತಾನು ಬರೀ ಬಾಯಿ. ಮನೆಗೆ ಬಂದು ಹೆಂಡತಿಯ ಮುಂದೆ ಅತ್ತೇಬಿಟ್ಟರು. ಅವಳು, "ಮಾತು ಮನೆ ಕೆಡಿಸ್ತು, ತೂತು ಓಲೆ ಕೆಡಿಸ್ತು ಅಂತ ಸುಮ್ನೆ ಹೇಳಿದ್ದಾರಾ?" ಎಂದಳು. ಸಮಾಧಾನ ಹೇಳುವ ರೀತಿ ಅವಳಿಗೆ ಇದೊಂದೇ ಗೊತ್ತಿದ್ದದ್ದು.

ಮೇಷ್ಟ್ರು ಶಪಥ ಮಾಡಿದರು. ಈ ಸಲ ಸ್ವಾಗತ ಇಲ್ಲ. ಮೈಕಿಲ್ಲ, ಹೂಗುಚ್ಛವಿಲ್ಲ, ಕಾಣಿಕೆಯಿಲ್ಲ. ಪ್ರಿನ್ಸಿಪಾಲರು ಕಂಗಾಲಾದರು. "ಸ್ವಾಗತ ಮಾಡ್ದೇ ಇದ್ರೆ ಅವರು ಬಂದಿದ್ದಾರೆ ಅಂತ ಗೊತ್ತಾಗೋದು ಹೇಗ್ರೀ?"

"ಪಾಠ ನಡೀತಿದ್ರೆ ಗೊತ್ತಾಗುತ್ತೆ ಸರ್" ಎಂದರು ಮೇಷ್ಟ್ರು.

ಬಂದವರು ಒಬ್ಬ ಪ್ರೊಫೆಸರಮ್ಮ. ಇದೇ ಊರಲ್ಲಿ ಹುಟ್ಟಿ, ಇದೇ ಕಾಲೇಜಿನಲ್ಲಿ ಓದಿ, ಚಿಕ್ಕ ವಯಸ್ಸಿನಲ್ಲೇ ದೇಶ ಬಿಟ್ಟವರು. ನೀರಿನಲ್ಲಿರುವ ಲೋಹಗಳ ವಿಷಯದಲ್ಲಿ ಅವರದು ದೊಡ್ಡ ಹೆಸರು. ಸ್ಟೇಷನ್ನಿನಲ್ಲಿ ರೈಲು ನಿಂತಾಗ ಅವರು ಹೊಚ್ಚ ಹೊಸ ಬಟ್ಟೆಯಲ್ಲಿ, ಕೂದಲು ನೀಟಾಗಿ ಬಾಚಿಕೊಂಡು ಬಾಗಿಲಲ್ಲೇ ನಿಂತಿದ್ದರು. ಪ್ಲಾಟ್‌ಫಾರ್ಮಿನ ಉದ್ದಕ್ಕೂ ಕಣ್ಣಾಡಿಸಿದರು. ಕಂಡದ್ದು ಮೇಷ್ಟ್ರೊಬ್ಬರೇ.

"ಬೇರೆ ಯಾರೂ... ಬಂದಿಲ್ವಾ?"

"ಯಾರಿಗೂ ತೊಂದರೆ ಕೊಟ್ಟಿಲ್ಲ ಮೇಡಂ" ಎಂದರು ಮೇಷ್ಟ್ರು ಹೆಮ್ಮೆಯಿಂದ. "ಲ್ಯಾಬು ರೆಡಿ ಇದೆ. ನೇರ ಅಲ್ಲಿಗೇ ಹೋಗ್ಬಿಡೋಣ. ಕೈಕಾಲು ತೊಳ್ಯೋಕೂ ಅಲ್ಲೇ ನಲ್ಲಿ ಇದೆ."

ಪ್ರೊಫೆಸರಮ್ಮನ ಮುಖ ಇಳಿಯಿತು. ಪ್ರಯಾಣದ ಆಯಾಸವಿರಬೇಕು ಎಂದುಕೊಂಡರು ಮೇಷ್ಟ್ರು. ಲ್ಯಾಬಿನಲ್ಲಿ ಎಂ.ಎಸ್ಸಿ. ಮಕ್ಕಳು ಬಿಳಿ ಕೋಟು ಹಾಕಿಕೊಂಡು, ಎದ್ದು ನಿಂತರೆ ಅದೂ ಸ್ವಾಗತವಾದೀತೆಂದು ಮೇಷ್ಟ್ರು ಹೇಳಿದ್ದರಿಂದ, ಕೂತೇ ಇದ್ದರು. ಪ್ರೊಫೆಸರಮ್ಮ ಯಂತ್ರದ ಮುಸುಕು ತೆಗೆದು ಗುಂಡಿ ಒತ್ತಿದರು. "ಒಳಗಿನ ದೀಪ ಬೆಚ್ಚಗಾಗ್ಬೇಕು. ತಣ್ಣಗಿದ್ದಾಗ ಅಳತೆ ಹಿಡಿದ್ರೆ ಸುಳ್ಳು ಹೇಳುತ್ತೆ. ಅರ್ಧ ಗಂಟೆ ಕಾಯ್ಬೇಕು" ಎಂದವರೇ ಸ್ಟೂಲಿನ ಮೇಲೆ ಕೂತು ಗೋಡೆ ನೋಡತೊಡಗಿದರು. ಆ ಅರ್ಧ ಗಂಟೆ ಮಕ್ಕಳು ತಂತಮ್ಮ ಕೋಟಿನ ಗುಂಡಿ ಎಣಿಸಿದರು. ಆಮೇಲೆ ಅವರು ಪ್ರಯೋಗ ತೋರಿಸಿದರೇನೋ ನಿಜ, ಆದರೆ ಬಾಡಿಗೆ ಮನೆ ತೋರಿಸುವವರ ಹಾಗೆ: ಇದು ಇಲ್ಲಿದೆ, ಅದು ಅಲ್ಲಿದೆ, ಆಯಿತಲ್ಲ? ಮುಗಿಸಿ, ತಲೆನೋವೆಂದು ಗೆಸ್ಟ್‌ಹೌಸಿಗೆ ಹೊರಟರು. ಮರುದಿನವೂ ಅದೇ ಗೋಡೆ, ಅದೇ ತಲೆನೋವು. ಅದರ ಮರುದಿನ, "ನಾನು ಬೇಗ ವಾಪಸು ಹೋಗ್ಬೇಕಾಗಬಹುದು. ಉಳಿದಿದ್ದನ್ನ ಅಲ್ಲಿಂದಲೇ ಕಂಪ್ಯೂಟರ್‌ನಲ್ಲಿ ಹೇಳ್ತೀನಿ ಬಿಡಿ" ಎಂದರು.

ಮೇಷ್ಟ್ರು ಮನೆಗೆ ಓಡಿ ಬಂದು, "ಅವರಿಗೆ ಏನೋ ಕಾಯಿಲೆ ಕಣೇ. ಒಂದ್ಸಲ ಹೋಗಿ ನೋಡ್ಬಾರ್ದಾ?" ಎಂದು ಅಂಗಲಾಚಿದರು. ನರ್ಸಮ್ಮ ರಕ್ತದೊತ್ತಡ ನೋಡುವ ಉಪಕರಣ ಹಿಡಿದು ಗೆಸ್ಟ್‌ಹೌಸಿಗೆ ಹೋದಳು. ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದವಳು ಚಪ್ಪಲಿಯನ್ನೂ ಬಿಡದೆ ಗಂಡನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಕಾಯಿಲೆ ಅವರಿಗಲ್ಲ, ನಿಮಗೆ. ಅದು ತಲೆನೋವಲ್ಲ ರೀ, ಮುನಿಸು."

"ಮುನಿಸಾ? ಯಾಕೆ?"

"ಯಾಕೆ ಅಂತೆ! ಆ ದೇಶದಲ್ಲಿ ಅವರ ಥರ ಪ್ರೊಫೆಸರುಗಳು ಒಂದೇ ಕಟ್ಟಡದಲ್ಲಿ ನೂರಾರು ಜನ ಇದ್ದಾರಂತೆ. ಬೆಳಿಗ್ಗೆ ಬಂದ್ರೆ ಯಾರೂ ತಲೆ ಎತ್ತಿ ನೋಡಲ್ವಂತೆ. ದೊಡ್ಡ ಬಹುಮಾನ ಬಂದಾಗ ಕಂಪ್ಯೂಟರ್‌ನಲ್ಲಿ ಎರಡು ಸಾಲು ಬಂತಂತೆ, ಅವತ್ತೂ ಒಬ್ಬರೇ ಕೂತು ಊಟ ಮಾಡಿದ್ರಂತೆ. ನಮ್ಮೂರಲ್ಲಾದ್ರೂ ನಾಲ್ಕು ಜನ ಸೇರ್ತಾರೆ, ಒಳ್ಳೇ ಮಾತಾಡ್ತಾರೆ ಅಂತ ಆಸೆ ಪಟ್ಟು ಬಂದಿದ್ದಾರೆ. ಉತ್ತರ ಕೊಡೋಕೆ ಒಂದು ಭಾಷಣ ಬಾಯಿಪಾಠ ಮಾಡ್ಕೊಂಡಿದ್ದಾರೆ ಕಣ್ರೀ, ಕನ್ನಡಿ ಮುಂದೆ! ನೀವು ನೋಡಿದ್ರೆ ಕೈಕಾಲು ತೊಳ್ಯೋಕೆ ನಲ್ಲಿ ತೋರಿಸಿದ್ದೀರಿ. ಪೋಸ್ಟ್‌ಮ್ಯಾನ್‌ಗೂ ಸ್ವಾಗತ ಮಾಡಿದ ಬಾಯಿ ಅದು, ಅವರಿಗೆ ಮಾತ್ರ ಬೀಗ ಹಾಕ್ಕೊಂಡ್ತಾ?"

ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕೂತರು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸ್ವಾಗತ ಮಾಡದಿದ್ದರೆ ಅವರು ಹೊರಡುತ್ತಾರೆ. ಮಾಡಿದರೆ ಸಂಘದವರು, ಬ್ಯಾಂಕಿನವರು, ಕೊಳದವರು ಎಲ್ಲ ವಾಸನೆ ಹಿಡಿದು ಬಂದು ದಿನಗಳನ್ನೆಲ್ಲ ತಿಂದುಹಾಕುತ್ತಾರೆ.

"ಒಂದೇ ಸಲ ಪೂರ್ತಿ ಸೀಸೆ ಯಾಕೆ ಕುಡಿಸ್ತೀರಿ?" ಎಂದಳು ನರ್ಸಮ್ಮ, ಈಗ ಚಪ್ಪಲಿ ಬಿಡುತ್ತ. "ದಿನಕ್ಕೊಂದು ಚಮಚ ಕೊಡಿ."

ಮೇಷ್ಟ್ರು ತಲೆಯೆತ್ತಿದರು. ದೀಪ ಬೆಚ್ಚಗಾಗಲು ದಿನಾ ಅರ್ಧ ಗಂಟೆ ಹೇಗೂ ಕಾಯಬೇಕಲ್ಲ!

ಮರುದಿನ ಪ್ರೊಫೆಸರಮ್ಮ ಯಂತ್ರದ ಗುಂಡಿ ಒತ್ತಿ ಗೋಡೆಯ ಕಡೆ ತಿರುಗುವಷ್ಟರಲ್ಲಿ ಮಕ್ಕಳೆಲ್ಲ ಎದ್ದು ನಿಂತರು. ಮೇಷ್ಟ್ರು ಮೈಕಿಲ್ಲದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದು ಪರೀಕ್ಷಾ ನಳಿಕೆ ಹಿಡಿದುಕೊಂಡು ಶುರು ಮಾಡಿದರು. ಆಕೆ ಹುಟ್ಟಿದ ಓಣಿಯಿಂದ ಹಿಡಿದು, ಆಕೆ ಇದೇ ಲ್ಯಾಬಿನಲ್ಲಿ ಆಸಿಡ್ ಚೆಲ್ಲಿ ಸುಟ್ಟ ಮೇಜಿನ ಕಲೆಯ ತನಕ ಬಂದರು. ಆ ಕಲೆಯನ್ನು ತೋರಿಸಿ, "ಇಂಥ ಹಸ್ತಾಕ್ಷರ ಈ ಕಾಲೇಜಿನಲ್ಲಿ ಇನ್ನೊಬ್ಬರದಿಲ್ಲ" ಎಂದರು. ಪ್ರೊಫೆಸರಮ್ಮ ನಕ್ಕರು, ಆಮೇಲೆ ಆ ಕಲೆಯ ಮೇಲೆ ಕೈಯಾಡಿಸಿದರು. "ಉಳಿದ ಸ್ವಾಗತ ನಾಳೆ" ಎಂದು ಮೇಷ್ಟ್ರು ಕೂತರು. ಪ್ರೊಫೆಸರಮ್ಮ ಎದ್ದು, ಬಾಯಿಪಾಠ ಮಾಡಿದ್ದ ಭಾಷಣದ ಮೊದಲ ತುಂಡನ್ನು ಆಡಿದರು. ಅಷ್ಟರಲ್ಲಿ ದೀಪ ಬೆಚ್ಚಗಾಗಿತ್ತು. ಅವತ್ತಿನ ಪಾಠವಿದೆಯಲ್ಲ, ಅದು ಪಾಠ. ಮಧ್ಯಾಹ್ನದ ಊಟ ಮರೆತು ಕಲಿಸಿದರು. ತಲೆನೋವು ಎತ್ತ ಹೋಯಿತೋ!

ಹೀಗೆ ದಿನಕ್ಕೊಂದು ಕಂತು ನಡೆಯಿತು. ಒಂದು ದಿನ ಊರಿನ ನಲ್ಲಿಗಳ ನೀರಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ನೋಡುವ ಪ್ರಯೋಗ. ಪ್ರೊಫೆಸರಮ್ಮ, "ಮೇಷ್ಟ್ರೇ, ನಾನು ಹೋದ್ಮೇಲೆ ಈ ಯಂತ್ರ ಮುಟ್ಟೋರು ಯಾರು? ಬನ್ನಿ" ಎಂದು ಅವರನ್ನೇ ಮುಂದೆ ಕರೆದರು. ಕೆಟ್ಟರೆ ಯಾರು ಹೊಣೆ ಎಂದು ಮೇಷ್ಟ್ರು ಹಿಂಜರಿದರೆ, "ಮುಸುಕು ಹಾಕಿಟ್ರೆ ಕೆಟ್ಟಿದ್ಯೋ ಇಲ್ವೋ ಅಂತ ಯಾರಿಗೆ ಗೊತ್ತಾಗುತ್ತೆ?" ಎಂದು ಗದರಿದರು. ಮೇಷ್ಟ್ರು ನೀರಿಗೆ ದ್ರಾವಣ ಸೇರಿಸಿದರು. ತಿಳಿನೀರು ನೋಡನೋಡುತ್ತ ಕಿತ್ತಳೆ ಕೆಂಪಾಯಿತು. ಮೇಷ್ಟ್ರ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು, ಮಾತು ಮಾತ್ರ ಬರಲಿಲ್ಲ. ಮಕ್ಕಳು ಅವರನ್ನು ಹಾಗೆ ನೋಡಿದ್ದು ಅದೇ ಮೊದಲು.

ಗುಟ್ಟು ಎಷ್ಟು ದಿನ ಉಳಿಯುತ್ತದೆ? ಲ್ಯಾಬಿನಲ್ಲಿ ಕದ್ದು ಸ್ವಾಗತ ನಡೆಯುತ್ತಿದೆ ಎಂಬ ಸುದ್ದಿ ಪ್ರಿನ್ಸಿಪಾಲರಿಗೆ ಮುಟ್ಟಿತು. ತಮ್ಮನ್ನು ಬಿಟ್ಟು ಸಮಾರಂಭವೇ ಎಂದು ಅವರು ಸಂಘದ ಅಧ್ಯಕ್ಷರನ್ನೂ ಕಟ್ಟಿಕೊಂಡು ಬಂದು ಮುಂದಿನ ಸ್ಟೂಲುಗಳಲ್ಲಿ ಆಸೀನರಾದರು. ಸ್ವಾಗತ ಮುಗಿಯಿತು, ಚಪ್ಪಾಳೆ ಹೊಡೆದರು, ಏಳಲು ಹೊರಟರು. ಪ್ರೊಫೆಸರಮ್ಮ ಬಾಗಿಲಿಗೆ ಅಡ್ಡ ನಿಂತರು. "ಇಲ್ಲಿ ಸ್ವಾಗತ ಕೇಳಿದೋರು ಪ್ರಯೋಗ ಮಾಡ್ದೇ ಹೋಗೋ ಹಾಗಿಲ್ಲ ಸರ್."

ಪ್ರಿನ್ಸಿಪಾಲರಿಗೆ ಬಿಳಿ ಕೋಟು ತೊಡಿಸಲಾಯಿತು. ಗುಂಡಿಗಳು ಹೊಟ್ಟೆಯ ಮೇಲೆ ಸೇರಲಿಲ್ಲ. ದ್ರಾವಣವಿಡುವ ಪುಟ್ಟ ಗಾಜಿನ ಚೌಕಪಾತ್ರೆಯನ್ನು ಮಸುಕಾದ ಬದಿಗಳಲ್ಲಿ ಮಾತ್ರ ಹಿಡಿಯಬೇಕು, ಬೆಳಕು ಹಾಯುವ ನುಣುಪು ಬದಿ ಮುಟ್ಟಬಾರದು ಎಂದು ಮುಂದಿನ ಬೆಂಚಿನ ಹುಡುಗಿ ಬಡಕೊಂಡರೂ ಕೇಳದೆ, ಆರೂ ಕಡೆ ಬೆರಳೊತ್ತಿ ಯಂತ್ರದೊಳಗಿಟ್ಟರು. ಅವರ ಮನೆಯ ನಲ್ಲಿ ನೀರಿನಲ್ಲಿ ಒಂದು ರೈಲು ಕಂಬಿಗಾಗುವಷ್ಟು ಕಬ್ಬಿಣ ಇದೆ ಎಂದು ಯಂತ್ರ ಹೇಳಿತು. "ಅದಕ್ಕೇ ಸರ್ ನೀವು ಇಷ್ಟು ಗಟ್ಟಿ" ಎಂದರು ಮೇಷ್ಟ್ರು. ಸಂಘದ ಅಧ್ಯಕ್ಷರು ಆಮೇಲೆ ಲ್ಯಾಬಿನ ದಿಕ್ಕಿಗೆ ತಲೆ ಹಾಕಿ ಮಲಗಲಿಲ್ಲ. ಪ್ರಿನ್ಸಿಪಾಲರು ಮಾತ್ರ ಮರುದಿನವೂ ಬಂದರು, ಗಾಜನ್ನು ಸರಿಯಾಗಿ ಹಿಡಿಯುವುದನ್ನು ಕಲಿತೇ ತೀರಬೇಕೆಂದು.

ಹೊರಡುವ ದಿನ ಬಂತು. ಎಲ್ಲ ಪ್ರಯೋಗ ಮುಗಿದಿದ್ದವು. ಮಕ್ಕಳು ತಂತಮ್ಮ ಮನೆಗಳಿಂದ ತಂದ ನೀರನ್ನು ಅಳೆಯುವುದೊಂದು ಉಳಿದಿತ್ತು. "ಅದನ್ನ ನೀವೇ ಮಾಡ್ಸಿ ಮೇಷ್ಟ್ರೇ, ನಾನು ಬೇಡ" ಎಂದಿದ್ದರು ಪ್ರೊಫೆಸರಮ್ಮ. ಆದರೆ ಮುಂದಿನ ವರ್ಷದ ಮಾತನ್ನು ಮಾತ್ರ ಎತ್ತಿರಲಿಲ್ಲ. ಒಮ್ಮೆ ನರ್ಸಮ್ಮ ಕೇಳಿಯೇಬಿಟ್ಟಾಗ, "ಅಲ್ಲಿ ಕೆಲಸ ಬೆಟ್ಟದಷ್ಟಿದೆ, ನೋಡೋಣ" ಎಂದು ತೇಲಿಸಿದ್ದರು. 'ನೋಡೋಣ' ಎಂದರೆ ಏನೆಂದು ಹೆಣ್ಣು ನೋಡಿಹೋದ ಗಂಡಿನ ಕಡೆಯವರನ್ನು ಕಂಡ ಎಲ್ಲರಿಗೂ ಗೊತ್ತು.

ಬೀಳ್ಕೊಡುಗೆ ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಯೋಜನೆಯ ಅಧಿಕಾರಿ ಹಲ್ಲುನೋವಿನವರ ಹಾಗೆ ಕೂತಿದ್ದರು. ಸ್ವಾಗತ ಮೇಷ್ಟ್ರು ಮೈಕಿನ ಮುಂದೆ ಬಂದರು. ಈ ಕಾಲೇಜಿಗೆ ಬಂದವರನ್ನು ಒಳಗೆ ಕರೆದದ್ದೇ ಹೊರತು ಅವರು ಯಾರನ್ನೂ ಕಳಿಸಿಕೊಟ್ಟವರಲ್ಲ. ಬಾಯಿ ತೆರೆದರೆ ಅಭ್ಯಾಸಬಲದಿಂದ ಬಂದದ್ದು, "ಇಂದು ನಮ್ಮ ನಡುವೆ ದಯಮಾಡಿಸಿರುವ..."

ಸಭೆ ಗೊಳ್ಳೆಂದಿತು. ಪ್ರಿನ್ಸಿಪಾಲರು ವೇದಿಕೆಯಿಂದಲೇ, "ಕಳಿಸೋದ್ರೀ, ಕಳಿಸೋದು!" ಎಂದು ಪಿಸುಗುಟ್ಟಿದರು. ಮೇಷ್ಟ್ರು ಮೈಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

"ಇಲ್ಲ ಸರ್. ಕಳಿಸೋಕೆ ನನಗೆ ಬರಲ್ಲ. ಇದು ಮುಂದಿನ ವರ್ಷದ ಸ್ವಾಗತ, ಈಗಲೇ ಮಾಡ್ತಿದ್ದೀನಿ. ಮುಂದಿನ ವರ್ಷ ಇದೇ ಹೊತ್ತಿಗೆ ನಮ್ಮ ಲ್ಯಾಬಿನ ಬಾಗಿಲು ತೆಗೆದು, ಹೊಸ ಮಕ್ಕಳ ಮುಂದೆ ಬಂದು ನಿಲ್ಲೋ ನಮ್ಮ ಮೇಡಂ, ನಮ್ಮ ಊರಿನ ಮಗಳು..."

ಮುಂದಿನ ಪದ ಸಿದ್ಧವಿತ್ತು, ಅದರ ಮುಂದಿನದೂ ಇತ್ತು. ಆದರೆ ಗಂಟಲು ಕಟ್ಟಿತು. ಇಷ್ಟು ವರ್ಷ ಒಮ್ಮೆಯೂ ಕೈಕೊಡದ ಗಂಟಲು. "ಉಳಿದಿದ್ದು... ಅವರು ಬಂದ್ಮೇಲೆ" ಎಂದಷ್ಟೇ ಹೇಳಿ ಮೇಷ್ಟ್ರು ವೇದಿಕೆಯಿಂದ ಇಳಿದರು. ಇಳಿದವರು ಕುರ್ಚಿಯಲ್ಲಿ ಕೂರಲಿಲ್ಲ. ಅಧಿಕಾರಿ ಆ ಪ್ರಶ್ನೆ ಕೇಳುವುದನ್ನು, ಅದಕ್ಕೆ 'ನೋಡೋಣ' ಎಂಬ ಉತ್ತರ ಬರುವುದನ್ನು ಕೂತು ಕೇಳುವ ಧೈರ್ಯ ಅವರಿಗಿರಲಿಲ್ಲ. ಪಕ್ಕದ ಬಾಗಿಲಿಂದ ಹೊರಬಿದ್ದು ನೇರ ಲ್ಯಾಬಿಗೆ ನಡೆದರು.

ಅಲ್ಲಿ ಮಕ್ಕಳು ಯಂತ್ರ ಹಾಕಿ, ಮನೆಮನೆಯ ನೀರಿನ ಸೀಸೆಗಳನ್ನು ಸಾಲಾಗಿ ಜೋಡಿಸಿಕೊಂಡು ಕಾಯುತ್ತಿದ್ದರು. ಮೇಷ್ಟ್ರು ಕೋಟು ಹಾಕಿಕೊಂಡರು. ಪೀಠಿಕೆಯಿಲ್ಲ, ಏನಿಲ್ಲ. "ಮೊದಲು ಯಾರ ಮನೇದು? ಕೊಡು" ಎಂದರು. ದ್ರಾವಣ ಸೇರಿಸಿದರು, ಬಣ್ಣ ಏರುವುದನ್ನು ಕಾದರು, ಯಾಕೆ ಕಾಯಬೇಕು ಎಂದು ವಿವರಿಸಿದರು, ಒಬ್ಬೊಬ್ಬರ ಕೈಯಲ್ಲೂ ಮಾಡಿಸಿದರು. ಸಭಾಂಗಣದ ಕಡೆಯಿಂದ ಚಪ್ಪಾಳೆ ಕೇಳಿಸಿತು, ನಿಲ್ಲಲೇ ಇಲ್ಲ.

"ಸರ್, ಚಪ್ಪಾಳೆ! ಯಾಕಿರಬಹುದು?" ಎಂದಳು ಮುಂದಿನ ಬೆಂಚಿನ ಹುಡುಗಿ.

"ಮೊದಲು ರೀಡಿಂಗ್ ಬರ್ಕೊಳಮ್ಮ" ಎಂದರು ಮೇಷ್ಟ್ರು.

ಅಷ್ಟರಲ್ಲಿ ನರ್ಸಮ್ಮ ಏದುಸಿರು ಬಿಡುತ್ತ ಬಾಗಿಲು ತಳ್ಳಿಕೊಂಡು ಬಂದಳು. ಆಸ್ಪತ್ರೆಯಲ್ಲಿ ಬೆಂಕಿ ಬಿದ್ದರೂ ಓಡುವವಳಲ್ಲ ಅವಳು.

"ರೀ! ಬರ್ತಾರಂತೆ ರೀ! ಪ್ರತಿ ವರ್ಷ ಬರ್ತಾರಂತೆ! ಬಾಯಿಪಾಠ ಮಾಡಿದ್ದನ್ನೆಲ್ಲ ಬಿಟ್ಟು ಎರಡೇ ಮಾತು ಆಡಿದ್ರು. ಅಲ್ಲಿ ಯಾವುದಕ್ಕೂ ಕಮ್ಮಿ ಇಲ್ವಂತೆ, ಆದ್ರೆ ಬಾಗಿಲು ತೆಗೆದು ಒಳಗೆ ಹೋದ್ರೆ 'ಬಂದ್ರಾ' ಅಂತ ಕೇಳೋರಿಲ್ವಂತೆ. ಆ ಅಧಿಕಾರಿ ಇದ್ದಾರಲ್ಲ, ಅವರೇ ಎದ್ದು ನಿಂತು ಚಪ್ಪಾಳೆ ಹೊಡೀತಿದ್ದಾರೆ! ಎಲ್ಲರೂ ನಿಮ್ಮನ್ನೇ ಹುಡುಕ್ತಿದ್ದಾರೆ, ವೇದಿಕೆಗೆ ಕರೀತಿದ್ದಾರೆ, ಬನ್ನಿ ರೀ!"

ಮೇಷ್ಟ್ರು ಕೈಯಲ್ಲಿದ್ದ ಗಾಜಿನ ಪಾತ್ರೆಯನ್ನು ಹುಡುಗಿಯ ಕೈಗೆ ಕೊಟ್ಟು, ಕಣ್ಣೊರೆಸಿಕೊಂಡರು.

"ಬಾಗಿಲು ಮುಂದೆ ಮಾಡ್ಕೊಂಡು ಹೋಗೇ" ಎಂದರು. "ಪಾಠ ನಡೀತಿದೆ."